"ಆಯ್ತು ಸರ್" ಅನ್ನುವ ಮುಂಚೆ

ಅವರಿಗೆ 31 ವರ್ಷ. ಕಚೇರಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯಿದೆ.) ನನ್ನ ಬಳಿ ಆಪ್ತಸಲಹೆಗೆ ಬಂದ ಮೊದಲ ದಿನ ಬಾಗಿಲಲ್ಲೇ ನಿಂತು "ಕೂತ್ಕೊಳ್ಳಲಾ ಮೇಡಂ?" ಅಂತ ಕೇಳಿದರು. ಕೂತ ಮೇಲೂ ಬ್ಯಾಗು ತೊಡೆಯ ಮೇಲೇ ಇತ್ತು.

ಮೇಲಧಿಕಾರಿ ಒಂದು ಬಿಲ್ಲಿಗೆ ಹಿಂದಿನ ತಾರೀಕು ಹಾಕಲು ಹೇಳಿದ್ದರು. ಇವರು ಹಾಕಿದ್ದರು. ಆ ರಾತ್ರಿಯಿಂದ ನಿದ್ದೆಯಿಲ್ಲ. "ಹೇಳಿದ್ದು ಕೇಳಿದ್ರೆ ನಾನು ಗುಲಾಮ. ಹಾಗಾದ್ರೆ ಕೆಲಸ ಬಿಟ್ಟರೆ ಮಾತ್ರ ಸ್ವತಂತ್ರನಾ?"

ನನಗೆ ಹಾಗನ್ನಿಸಲಿಲ್ಲ. ಇದೇ ಮನುಷ್ಯ ದಿನಾ ಬೆಳಿಗ್ಗೆ ಈಜು ಕಲಿಯಲು ಹೋಗುತ್ತಾರೆ. ಕೋಚ್ "ಇನ್ನೊಂದು ಸಲ" ಅಂದರೆ ಏದುಸಿರು ಬಿಡುತ್ತಲೇ ಮತ್ತೊಂದು ಸುತ್ತು ಈಜುತ್ತಾರೆ. ಅಲ್ಲೂ ಗುಲಾಮ ಅನ್ನಿಸುತ್ತಾ ಅಂತ ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದರು. "ಇಲ್ಲ. ಅಲ್ಲಿ ಯಾಕೆ ಅಂತ ಕೇಳಬಹುದು. ಭುಜ ನೋಯ್ತಿದೆ ಅಂದ್ರೆ ನಿಲ್ಲಿಸ್ತಾರೆ." ಬೇಡ ಅನ್ನಲು ಜಾಗ ಇದ್ದರೆ ಮಾತು ಕೇಳುವುದೂ ನಮ್ಮದೇ ತೀರ್ಮಾನ. ನಾನು ಇದನ್ನು ಗಟ್ಟಿಯಾಗಿ ನಂಬುತ್ತೇನೆ.

ಆದರೆ ಅಧಿಕಾರಿ ಎದುರಿಗಿದ್ದಾಗ ಆ ಜಾಗ ಕಾಣಿಸುವುದೇ ಕಷ್ಟ. ಇವರು ತಮ್ಮನ್ನು ಹೇಡಿ ಅಂತ ಬೈದುಕೊಳ್ಳುತ್ತಿದ್ದರು. ಅದಕ್ಕೇ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಂ 1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಪ್ರಯೋಗದ ಬಗ್ಗೆ ಹೇಳಿದೆ. ಭಾಗವಹಿಸಲು ಬಂದ ಸಾಮಾನ್ಯ ಜನರಿಗೆ, ಪಕ್ಕದ ಕೋಣೆಯವನಿಗೆ ಶಾಕ್ ಕೊಡಿ ಅಂತ ಪ್ರಯೋಗ ನಡೆಸುವವರ ಆದೇಶ. ಶಾಕ್ ಸುಳ್ಳು, ಆದರೆ ಕೊಡುವವರಿಗೆ ಅದು ಗೊತ್ತಿಲ್ಲ. 40 ಜನರಲ್ಲಿ 26 ಜನ ಬೆವರುತ್ತಾ, ನಡುಗುತ್ತಾ ಕೊನೆಯ 450 ವೋಲ್ಟ್‌ವರೆಗೂ ಹೋದರು. ಆದೇಶ ಫೋನಿನಲ್ಲಿ ಬಂದಾಗ ಹಾಗೆ ಹೋದವರು ಐವರಲ್ಲಿ ಒಬ್ಬರಷ್ಟೇ. ಜೊತೆಗಿದ್ದ ಇಬ್ಬರು "ನಾವು ಮಾಡಲ್ಲ" ಅಂದಾಗ 40ರಲ್ಲಿ 4 ಜನ ಮಾತ್ರ.

ಹಾಗಾಗಿ ಮೇಜಿನ ಎದುರು ನಿಂತೇ ಉತ್ತರ ಕೊಡಬೇಡಿ ಅಂದೆ. "ನೋಡಿ ಹೇಳ್ತೀನಿ ಸರ್" ಅಂತ ನಿಮ್ಮ ಸೀಟಿಗೆ ಬನ್ನಿ. ನಂಬಿಕೆಯಿರುವ ಒಬ್ಬ ಸಹೋದ್ಯೋಗಿಗೆ ವಿಷಯ ತಿಳಿಸಿ. ಅನುಮಾನ ಬಂದ ಕೆಲಸವನ್ನು ಬರವಣಿಗೆಯಲ್ಲಿ ಕೊಡಲು ಕೇಳಿ. ಸಮಯಕ್ಕೆ ಬರುವುದು, ಫೈಲು ಜೋಡಿಸುವುದು, ಇಂಥದ್ದಕ್ಕೆಲ್ಲ ಸುಮ್ನೆ ಜಗಳ ಬೇಡ.

"ನೀವು ಹೇಳಿದ ಹಾಗೇ ಮಾಡ್ತೀನಿ ಮೇಡಂ" ಅಂತ ಎದ್ದರು. ನನಗೆ ಕಸಿವಿಸಿಯಾಯಿತು. ಈಗ ನಾನೂ ಇನ್ನೊಬ್ಬ ಮೇಲಧಿಕಾರಿ ಆದೆ, ಅಲ್ವಾ? ಮತ್ತೆ ಕೂರಿಸಿ, ನನ್ನ ಮಾತಿನಲ್ಲಿ ನಿಮಗೆ ಒಪ್ಪಿಗೆಯಾಗದ್ದು ಏನು ಅಂತ ಕೇಳಿದೆ.

ಬ್ಯಾಗು ಕೆಳಗಿಟ್ಟರು. "ಬರೆದುಕೊಡಿ ಅಂತ ಕೇಳಲ್ಲ ಮೇಡಂ. ಅವರಿಗೆ ಬೆದರಿಕೆ ಥರ ಕಾಣುತ್ತೆ. ಆ ತಾರೀಕು ಸರಿ ಮಾಡ್ಬೇಕು ಅಂತ ನಾನೇ ಹೋಗಿ ಹೇಳ್ತೀನಿ."

ಹೇಗೆ ಹೇಳ್ತೀರಿ, ಇಲ್ಲೇ ಒಂದು ಸಲ ಹೇಳಿ ಅಂದೆ. ಉಳಿದ ಅರ್ಧ ಗಂಟೆ ಅದನ್ನೇ ಅಭ್ಯಾಸ ಮಾಡಿದೆವು.