ಕಿಣ್ವದಿಂದಾದ ಔಷಧ ಹೆಚ್ಚು ‘ನೈಸರ್ಗಿಕ’ವೇ?

ಓದುಗರ ಪತ್ರ: ಔಷಧ ತಯಾರಿಕೆಯ ಕುರಿತ ಲೇಖನದಲ್ಲಿ ನೀವು ಕಿಣ್ವವನ್ನು ‘ಪ್ರಕೃತಿಯೇ ಸಿದ್ಧಪಡಿಸಿ ಕೊಟ್ಟ ವೇಗವರ್ಧಕ’ ಎಂದು ಕರೆದಿದ್ದೀರಿ. ಹಾಗಾದರೆ ಕಿಣ್ವ ಬಳಸಿ ತಯಾರಿಸಿದ ಮಾತ್ರೆ ಹೆಚ್ಚು ನೈಸರ್ಗಿಕವೇ? ಅಷ್ಟು ಅನುಕೂಲವಿದ್ದರೆ ಎಲ್ಲ ಕಾರ್ಖಾನೆಗಳೂ ಅದನ್ನೇ ಏಕೆ ಬಳಸುವುದಿಲ್ಲ?

ಸಂಪಾದಕರ ಉತ್ತರ:

ಮಾನ್ಯರೇ,

ಮೊದಲ ಪ್ರಶ್ನೆಗೆ ಉತ್ತರ: ಅಲ್ಲ. ರಚನೆ ಒಂದೇ ಆಗಿದ್ದರೆ, ಅಣುವು ಯಾವ ದಾರಿಯಿಂದ ಬಂತೆಂಬುದು ದೇಹಕ್ಕೆ ತಿಳಿಯುವುದಿಲ್ಲ. ವ್ಯತ್ಯಾಸವಿರುವುದು ಉಳಿಯಬಹುದಾದ ಕಲ್ಮಶದಲ್ಲಿ ಮಾತ್ರ. ಕ್ರಿಯೆಯನ್ನು ಚುರುಕುಗೊಳಿಸಲು ಲೋಹವನ್ನು ಬಳಸಿದವರು ಲೋಹದ ಅಂಶವನ್ನೂ ಕಿಣ್ವವನ್ನು (ಅದೊಂದು ಪ್ರೋಟೀನು) ಬಳಸಿದವರು ಪ್ರೋಟೀನಿನ ಅಂಶವನ್ನೂ ತೆಗೆದುಹಾಕಿರುವುದನ್ನು ಪರೀಕ್ಷೆಯಿಂದ ತೋರಿಸಬೇಕಾಗುತ್ತದೆ.

ಎರಡನೆಯ ಪ್ರಶ್ನೆ ನಮ್ಮದೇ ಮಾತಿನ ಸಡಿಲತೆಯಿಂದ ಹುಟ್ಟಿದ್ದು. ‘ಸಿದ್ಧಪಡಿಸಿ ಕೊಟ್ಟ’ ಎಂಬ ಮಾತು ಪೆನಿಸಿಲಿನ್ನಿನ ಮಟ್ಟಿಗೆ ಬಹುಪಾಲು ಒಪ್ಪುತ್ತದೆ. ಆಂಪಿಸಿಲಿನ್, ಅಮಾಕ್ಸಿಸಿಲಿನ್‌ಗಳನ್ನು ತಯಾರಿಸಲು ಬೂಷ್ಟಿನಿಂದ ಸಿಗುವ ಪೆನಿಸಿಲಿನ್-ಜಿಯ ಪಾರ್ಶ್ವ ಸರಪಳಿಯನ್ನು (ಅಣುವಿನ ಬದಿಗೆ ಅಂಟಿಕೊಂಡ ತುಣುಕನ್ನು) ಕಡಿಯಬೇಕು, ಆದರೆ ಅದಕ್ಕಿಂತ ಸುಲಭವಾಗಿ ಒಡೆಯುವ ನಾಲ್ಕು ಪರಮಾಣುಗಳ ಉಂಗುರವನ್ನು ಮುಟ್ಟಬಾರದು. ಹಳೆಯ ವಿಧಾನದಲ್ಲಿ ಇದಕ್ಕೆ ಫಾಸ್ಫರಸ್ ಪೆಂಟಾಕ್ಲೋರೈಡ್, ಕ್ಲೋರಿನ್‌ಯುಕ್ತ ದ್ರಾವಕ ಮತ್ತು ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿ ಬೇಕಾಗಿತ್ತು. ಬ್ಯಾಕ್ಟೀರಿಯಾಗಳಲ್ಲಿ ಸಿಗುವ ಪೆನಿಸಿಲಿನ್ ಅಸೈಲೇಸ್ ಎಂಬ ಕಿಣ್ವವು ಅದೇ ಕೆಲಸವನ್ನು ನೀರಿನಲ್ಲಿ, ಮೈ ಬಿಸಿಯಷ್ಟು ಉಷ್ಣತೆಯಲ್ಲಿ ಮುಗಿಸುತ್ತದೆ. ಅದನ್ನು ಸಣ್ಣ ಮಣಿಗಳಿಗೆ ಅಂಟಿಸಿಟ್ಟರೆ ಸೋಸಿ ತೆಗೆದು ಮತ್ತೆ ಮತ್ತೆ ಬಳಸಲೂಬಹುದು.

ಆದರೆ ಮಧುಮೇಹದ ಔಷಧವಾದ ಸಿಟಾಗ್ಲಿಪ್ಟಿನ್‌ನ ಕತೆ ಬೇರೆ. ಅದು 2006ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದಾಗ ತಯಾರಾಗುತ್ತಿದ್ದುದು ರೋಡಿಯಂ ಲೋಹದ ನೆರವಿನಿಂದ, ಅಧಿಕ ಒತ್ತಡದ ಹೈಡ್ರೋಜನ್‌ನಲ್ಲಿ. ಎಡಗೈ-ಬಲಗೈಗಳಂತೆ ಪರಸ್ಪರ ಪ್ರತಿಬಿಂಬವಾಗಿರುವ ಎರಡು ರೂಪಗಳಲ್ಲಿ ಬೇಕಾದುದಷ್ಟೇ ಆ ಹಂತದಲ್ಲಿ ಸಿಗುತ್ತಿರಲಿಲ್ಲ, ಆದ್ದರಿಂದ ಮತ್ತೆ ಹರಳುಗಟ್ಟಿಸಿ ಶುದ್ಧಗೊಳಿಸಬೇಕಾಗುತ್ತಿತ್ತು. ಕೀಟೋನನ್ನು (ಇಂಗಾಲಕ್ಕೆ ಆಮ್ಲಜನಕ ಬೆಸೆದಿರುವ ಒಂದು ಬಗೆಯ ಅಣುವನ್ನು) ನೇರವಾಗಿ ಅಮೀನ್ (ಆ ಜಾಗದಲ್ಲಿ ಸಾರಜನಕವಿರುವ ಅಣು) ಆಗಿಸುವ ಟ್ರಾನ್ಸ್‌ಅಮಿನೇಸ್ ಕಿಣ್ವಗಳು ತಿಳಿದಿದ್ದವು, ಆದರೆ ಈ ಔಷಧದ ದಪ್ಪ ಕೀಟೋನು ಅವುಗಳ ಕ್ರಿಯಾಸ್ಥಾನದೊಳಗೆ, ಅಂದರೆ ಕ್ರಿಯೆ ನಡೆಯುವ ಪೊಟರೆಯೊಳಗೆ, ಹಿಡಿಯುತ್ತಲೇ ಇರಲಿಲ್ಲ. ಔಷಧ ಸಂಸ್ಥೆಯಾದ ಮರ್ಕ್ ಮತ್ತು ಕಿಣ್ವಗಳನ್ನು ರೂಪಿಸುವ ಸಂಸ್ಥೆಯಾದ ಕೊಡೆಕ್ಸಿಸ್‌ನ ವಿಜ್ಞಾನಿಗಳು ಆ ಸ್ಥಾನವನ್ನು ಹಿಗ್ಗಿಸಿ, ಬಳಿಕ ಬದಲಾವಣೆ ಮಾಡುವುದು, ಪರೀಕ್ಷಿಸುವುದು, ಉತ್ತಮವಾದುದನ್ನು ಆರಿಸಿ ಮತ್ತೆ ಬದಲಾಯಿಸುವುದು, ಹೀಗೆ 11 ಸುತ್ತುಗಳನ್ನು ನಡೆಸಿ, 27 ಅಮೈನೊ ಆಮ್ಲಗಳು (ಪ್ರೋಟೀನಿನ ಘಟಕಗಳು) ಬದಲಾದ ಕಿಣ್ವವೊಂದನ್ನು ಪಡೆದರು. (ಈ ನಿರ್ದೇಶಿತ ವಿಕಾಸದ ವಿಧಾನಕ್ಕಾಗಿಯೇ ಫ್ರಾನ್ಸಿಸ್ ಆರ್ನಾಲ್ಡ್ ಅವರಿಗೆ 2018ರ ರಸಾಯನಶಾಸ್ತ್ರದ ನೊಬೆಲ್‌ನ ಅರ್ಧ ಭಾಗ ಸಂದಿತು.) 2010ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಆ ಕಿಣ್ವವು ಲೀಟರಿಗೆ 200 ಗ್ರಾಂ ಕೀಟೋನನ್ನು, ಅರ್ಧದಷ್ಟು ಡೈಮೀಥೈಲ್ ಸಲ್ಫಾಕ್ಸೈಡ್ ಎಂಬ ಸಾವಯವ ದ್ರಾವಕವಿರುವ ದ್ರಾವಣದಲ್ಲೇ ಪರಿವರ್ತಿಸುತ್ತದೆ, ಸಾಮಾನ್ಯ ಪ್ರೋಟೀನು ಅಂಥಲ್ಲಿ ಕೆಲಸ ಮಾಡುವುದನ್ನು ನಿರೀಕ್ಷಿಸುವುದೇ ಕಷ್ಟ. ತಪ್ಪು ರೂಪದ ಅಣು ಹೆಚ್ಚುಕಡಿಮೆ ಇಲ್ಲವಾಯಿತು, ಒಟ್ಟು ತ್ಯಾಜ್ಯ ಶೇ. 19ರಷ್ಟು ಇಳಿಯಿತು. ಇಂಥ ಕಿಣ್ವವನ್ನು ಪ್ರಕೃತಿಯ ಕೊಡುಗೆಯೆನ್ನಲು ನನಗೆ ಸಂಕೋಚವಾಗುತ್ತದೆ.

ಎಲ್ಲರೂ ಏಕೆ ಬಳಸುವುದಿಲ್ಲವೆಂಬುದಕ್ಕೆ ಕಾರಣ ಬಹುಮಟ್ಟಿಗೆ ಇಲ್ಲೇ ಇದೆ. ಹೊಸ ಔಷಧವು ಪ್ರಯೋಗದ ಆರಂಭದಲ್ಲಿರುವಾಗ ಬೇಕಾಗುವುದು ಸ್ವಲ್ಪವೇ ಸರಕು, ಅದೂ ಬೇಗನೆ. ಕಿಣ್ವವನ್ನು ಸುತ್ತು ಸುತ್ತಾಗಿ ತಿದ್ದುವಷ್ಟು ಬಿಡುವು ಇರುವುದಿಲ್ಲ, ಆ ಅಣು ಮುಂದೆ ಔಷಧವಾಗುವ ಭರವಸೆಯೂ ಇರುವುದಿಲ್ಲ. ಅನುಮತಿ ದೊರೆತ ಮೇಲೆ ವಿಧಾನವನ್ನು ಬದಲಾಯಿಸಿದರೆ, ಹೊಸ ದಾರಿಯ ಕಲ್ಮಶಗಳ ವಿವರವನ್ನು ನಿಯಂತ್ರಣ ಸಂಸ್ಥೆಗಳ ಮುಂದೆ ಮತ್ತೆ ಇಡಬೇಕು. ಜೊತೆಗೆ, ಕೀಟೋನನ್ನು ಆಲ್ಕೋಹಾಲ್ ಆಗಿಸುವ ಕಿಣ್ವಗಳಿಗೆ ದುಬಾರಿಯಾದ ಸಹಕಿಣ್ವ (ಕಿಣ್ವಕ್ಕೆ ನೆರವಾಗುವ ಸಣ್ಣ ಅಣು) ಬೇಕು. ಗ್ಲೂಕೋಸನ್ನು ಉತ್ಕರ್ಷಿಸುವ ಇನ್ನೊಂದು ಕಿಣ್ವವನ್ನು ಅದೇ ಪಾತ್ರೆಗೆ ಸೇರಿಸಿ ಆ ಸಹಕಿಣ್ವವನ್ನು ಮರಳಿ ಮರಳಿ ಸಿದ್ಧಮಾಡಿಕೊಳ್ಳದಿದ್ದರೆ ಲೆಕ್ಕ ಹೊಂದುವುದಿಲ್ಲ. ಪಲ್ಲಾಡಿಯಂ ಬಳಸಿ ಎರಡು ಇಂಗಾಲದ ತುಣುಕುಗಳನ್ನು ಬೆಸೆಯುವಂಥ ಕ್ರಿಯೆಗಳಲ್ಲಂತೂ ರಸಾಯನಶಾಸ್ತ್ರಜ್ಞರು ಈಗಲೂ ಮೊದಲು ಕೈಹಾಕುವುದು ಲೋಹಕ್ಕೇ.