ಅಪ್ಪನ ಯಾಶಿಕಾದಲ್ಲಿ ಉಳಿದ ರೀಲು

ಕುಶಾಲನಗರದ ಮನೆ ಖಾಲಿ ಮಾಡುವಾಗ ತೀರಿಹೋದ ತಂದೆಯವರ ಯಾಶಿಕಾ ಎಲೆಕ್ಟ್ರೋ 35 ಕ್ಯಾಮೆರಾ ಸಿಕ್ಕಿತು, ತೆಗೆದ ಚಿತ್ರಗಳ ಎಣಿಕೆಯ ಕಿಂಡಿಯಲ್ಲಿ 23 ಎಂದಿದೆ, ಒಳಗೆ ಫಿಲ್ಮ್ ಇರಬಹುದೇ, ಒಂದು ವರ್ಷದ ಮಗಳಿರುವ ನಾನು ಇಷ್ಟು ದುಬಾರಿ ಹವ್ಯಾಸಕ್ಕೆ ಕೈಹಾಕಬಹುದೇ ಎಂದು ಕೇಳಿದ್ದೀರಿ. ಉಳಿದದ್ದನ್ನು ಆಮೇಲೆ ಹೇಳುತ್ತೇನೆ. ಮೊದಲು, ದಯವಿಟ್ಟು ಹಿಂಬದಿಯ ಬಾಗಿಲು ತೆರೆಯಬೇಡಿ. ಆ ಕ್ಯಾಮೆರಾದಲ್ಲಿ ಬಾಗಿಲು ತೆರೆದ ಕೂಡಲೇ ಎಣಿಕೆ ಮೊದಲಿಗೆ ಹೋಗುತ್ತದೆ. 23 ಎಂದು ನಿಂತಿದೆಯೆಂದರೆ ನಿಮ್ಮ ತಂದೆಯವರ ನಂತರ ಯಾರೂ ಅದನ್ನು ತೆರೆದಿಲ್ಲ. ಮೇಲೆ ಎಡಗಡೆ ಇರುವ ಸುರುಳಿ ಸುತ್ತುವ ಹಿಡಿಯನ್ನು ಬಾಣದ ದಿಕ್ಕಿಗೆ ಮೆಲ್ಲಗೆ ತಿರುಗಿಸಿ ನೋಡಿ. ಬಿಗಿಯಾಗಿ ತಡೆದರೆ ಒಳಗೆ ಫಿಲ್ಮ್ ಇದೆ. ಅಲ್ಲಿಗೇ ಕೈ ಬಿಡಿ.

ಇದೇ ಕ್ಯಾಮೆರಾ ನನ್ನ ಬಳಿ 1978ರಿಂದ ಇದೆ. ಸೇನೆಯಲ್ಲಿದ್ದ ಭಾವ ರಜೆಗೆ ಬಂದಾಗ ತಂದುಕೊಟ್ಟದ್ದು. ಅದಕ್ಕೂ ಮೊದಲು ಆಗ್ಫಾ ಕ್ಲಿಕ್-3 ಇತ್ತು, ಒಂದು ರೀಲಿಗೆ 12 ಚೌಕ ಚಿತ್ರಗಳು. ನಾನು ಸೋಮವಾರಪೇಟೆಯವನು, ಅಂಚೆ ಇಲಾಖೆಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಛಾಯಾಗ್ರಹಣದಿಂದ ಒಂದು ರೂಪಾಯಿಯನ್ನೂ ದುಡಿದಿಲ್ಲ.

ನನ್ನ ಮದುವೆ 1981ರಲ್ಲಿ ಆಯಿತು. ಮೊದಲ ಮೂರು ವರ್ಷ ಭಾನುವಾರ ಬಂದರೆ ಸಾಕು, ಪುಷ್ಪಗಿರಿಯ ಬುಡಕ್ಕೋ ಮಲ್ಲಳ್ಳಿ ಜಲಪಾತಕ್ಕೋ ಹೊರಟುಬಿಡುತ್ತಿದ್ದೆ. ಮಂಜು, ನೀರು, ಬೆಟ್ಟ ಬಿಟ್ಟು ಬೇರೇನೂ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ಒಂದು ಸಂಜೆ ಮನೆಗೆ ಬಂದಾಗ ಹೆಂಡತಿ, "ಮಗು ಇವತ್ತು ನಾಲ್ಕು ಹೆಜ್ಜೆ ಇಟ್ಟಳು. ನೀವು ಮಲ್ಲಳ್ಳಿಯಲ್ಲಿದ್ದಿರಿ" ಎಂದಳು. ಜಗಳವೇನೂ ಆಡಲಿಲ್ಲ. ಅಷ್ಟು ಹೇಳಿ ಒಲೆಯ ಕಡೆಗೆ ತಿರುಗಿದಳು. ಆ ನಾಲ್ಕು ಹೆಜ್ಜೆಗಳ ಚಿತ್ರ ನನ್ನ ಬಳಿ ಇಲ್ಲ. ಆ ದಿನದ ಜಲಪಾತದ ಚಿತ್ರಗಳು ಆರು ಇವೆ.

ಮರುದಿನ ಅಡುಗೆಮನೆಯ ಬಾಗಿಲ ಪಕ್ಕ ಮೊಳೆ ಹೊಡೆದು ಕ್ಯಾಮೆರಾವನ್ನು ಅಲ್ಲಿಗೆ ತೂಗುಹಾಕಿದೆ. ತಿಂಗಳಿಗೆ ಒಂದೇ ರೀಲು, 36 ಚಿತ್ರ, ಅದು ಮನೆಯಲ್ಲೇ ಮುಗಿಯಬೇಕು ಎಂದು ನಿಶ್ಚಯಿಸಿದೆ. ಖರ್ಚಿನ ಬಗ್ಗೆ ನೀವು ಕೇಳಿದ್ದಕ್ಕೂ ನನ್ನ ಉತ್ತರ ಇದೇ. ದಿನಕ್ಕೆ ಒಂದು ಚಿತ್ರ, ಕೆಲವು ದಿನ ಎರಡು. ಎಣಿಸಿ ತೆಗೆಯುವಾಗ ಕಣ್ಣು ಹೆಚ್ಚು ಹೊತ್ತು ಮಗುವಿನ ಮೇಲಿರುತ್ತದೆ, ಕ್ಯಾಮೆರಾದ ಮೇಲಲ್ಲ. ಆಗ ನಾವು ಫಿಲ್ಮನ್ನು ನೂರು ಅಡಿಯ ಡಬ್ಬಿಯಲ್ಲಿ ತರಿಸಿ, ಕತ್ತಲೆಯಲ್ಲಿ ಕತ್ತರಿಸಿ, ಹಳೆಯ ಕ್ಯಾಸೆಟ್ಟುಗಳಿಗೆ ತುಂಬುತ್ತಿದ್ದೆವು. ಬಾಗಿಲ ಹಿಂದೆ ಸುಮಾರು ಒಂದೂ ಮುಕ್ಕಾಲು ಗಜ ಅಂತರದಲ್ಲಿ ಎರಡು ಮೊಳೆ. ಆ ಮೊಳೆಯಿಂದ ಈ ಮೊಳೆಗೆ ಎಳೆದರೆ ಒಂದು ರೀಲು. ಒಂದು ತುದಿಯನ್ನು ಹೆಂಡತಿಯೇ ಹಿಡಿಯುತ್ತಿದ್ದಳು.

ಹಾಗೆ ಅವಳು ಕತ್ತಲೆಕೋಣೆಯೊಳಗೆ ಬಂದಳು. ಕತ್ತಲೆಕೋಣೆ ಎಂದರೆ ನಮ್ಮ ಬಚ್ಚಲುಮನೆ. ಫಿಲ್ಮಿನಲ್ಲಿ ಚಿತ್ರ ಮೂಡಿಸುವ ದ್ರಾವಣವಾದ ಡಿ-76 ಡೆವಲಪರನ್ನು ನಾವೇ ತೂಗಿ ಬೆರೆಸುತ್ತಿದ್ದೆವು: ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100, ಹೈಡ್ರೋಕ್ವಿನೋನ್ 5, ಬೊರಾಕ್ಸ್ 2. ಫಿಲ್ಮ್ ತೊಳೆಯಲು ನೀರು 20 ಡಿಗ್ರಿ ಇದ್ದರೆ ಒಳ್ಳೆಯದು. ಬಯಲುಸೀಮೆಯ ಗೆಳೆಯರು ಅದಕ್ಕಾಗಿ ಮಂಜುಗಡ್ಡೆ ಹುಡುಕುತ್ತಿದ್ದರು. ಮಳೆಗಾಲದಲ್ಲಿ ನಮ್ಮ ಹಂಡೆಯ ತಣ್ಣೀರು ತಾನಾಗಿಯೇ ಅದರ ಆಸುಪಾಸಿನಲ್ಲಿರುತ್ತಿತ್ತು. ವಿದ್ಯುತ್ ಇಲ್ಲದೆ ನಾಲ್ಕೈದು ದಿನ ಕಳೆಯುವ ಆಷಾಢದಲ್ಲಿ ಕ್ಲಿಕ್-3ರ ದೊಡ್ಡ ನೆಗೆಟಿವುಗಳನ್ನು ಕಾಗದದ ಮೇಲಿಟ್ಟು, ಗಾಜು ಒತ್ತಿ, ಟಾರ್ಚಿನ ಬೆಳಕು ಬಿಟ್ಟು ಅಷ್ಟೇ ಅಳತೆಯ ಚಿತ್ರ ಮಾಡುತ್ತಿದ್ದೆವು. ಲಾಟೀನಿಗೆ ಕೆಂಪು ಕಾಗದ ಸುತ್ತಿದರೆ ಕೆಲಸಕ್ಕೆ ಬೇಕಾದಷ್ಟು ಬೆಳಕು. ಹೊರಗೆ ಹೆಂಚಿನ ಮೇಲೆ ಮಳೆ, ಒಳಗೆ ಅವಳು ಸೆಕೆಂಡುಗಳನ್ನು ಎಣಿಸುವ ದನಿ. ನನಗೆ ಅಷ್ಟು ನೆಮ್ಮದಿ ಬೇರೆಲ್ಲೂ ಸಿಕ್ಕಿಲ್ಲ.

ಪ್ರಿಂಟ್ ಮಾಡುವುದರಲ್ಲಿ ಅವಳ ಕಣ್ಣು ನನ್ನದಕ್ಕಿಂತ ಚುರುಕು. ಮುಖ ಕಪ್ಪಾಗುತ್ತಿದೆ ಎನಿಸಿದರೆ ಪೋಸ್ಟ್‌ಕಾರ್ಡನ್ನು ದುಂಡಗೆ ಕತ್ತರಿಸಿ, ಪೊರಕೆ ಕಡ್ಡಿಗೆ ಸಿಕ್ಕಿಸಿ, ಬೆಳಕು ಬೀಳುವಾಗ ಆ ಮುಖದ ಮೇಲೆ ನೆರಳು ಆಡಿಸುತ್ತಿದ್ದಳು. ನೆರಳು ಒಂದೇ ಕಡೆ ನಿಂತರೆ ಕಲೆಯಾಗುತ್ತದೆ, ಆಡುತ್ತಲೇ ಇರಬೇಕು. ಯಾರೂ ಅವಳಿಗೆ ಹೇಳಿಕೊಟ್ಟದ್ದಲ್ಲ. ಹಾಗಾಗಿ ನಮ್ಮ ಮನೆಯ ಚಿತ್ರಗಳನ್ನು ನನ್ನವು ಎಂದು ಯಾರಾದರೂ ಹೊಗಳಿದರೆ ನಾನು ತಿದ್ದುತ್ತೇನೆ. ನಿಮ್ಮ ಮನೆಯವರು ಈ ಹವ್ಯಾಸವನ್ನು ದುಂದು ಎನ್ನುತ್ತಾರೆಂದು ಬರೆದಿದ್ದೀರಿ. ಅವರಿಗೆ ಚಿತ್ರ ತೋರಿಸಿ ಒಪ್ಪಿಸುವುದಕ್ಕಿಂತ ಕೆಲಸವನ್ನೇ ಹಂಚಿಕೊಂಡು ನೋಡಿ.

ನೆಗೆಟಿವುಗಳ ಲೆಕ್ಕವೂ ಅವಳದೇ. ಪ್ರತಿ ಪಟ್ಟಿಗೆ ಒಂದು ಸಂಖ್ಯೆ, ನೋಟ್‌ಬುಕ್ಕಿನಲ್ಲಿ ದಿನ, ಊರು, ಯಾರು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಮಕ್ಕಂದೂರಿನ ಕಡೆಯ ಪರಿಚಿತರೊಬ್ಬರ ಮನೆ ಇದ್ದ ಜಾಗವೇ ಇಲ್ಲವಾಯಿತು. ಕೆಲವು ತಿಂಗಳ ನಂತರ ಅವರು ಬಂದು, ನಮ್ಮ ಅಂಗಳದಲ್ಲಿ ಅಮ್ಮ ಕರಿಮೆಣಸು ಹರಡುವಾಗ ನೀವು ಒಮ್ಮೆ ಫೋಟೋ ತೆಗೆದಿದ್ದಿರಲ್ಲ ಎಂದರು. ನನಗೆ ನೆನಪೇ ಇರಲಿಲ್ಲ. ಅವಳು ಕಾಲು ಗಂಟೆಯಲ್ಲಿ ನೋಟ್‌ಬುಕ್ಕಿನಿಂದ ಹುಡುಕಿಕೊಟ್ಟಳು: 1986, ಫೆಬ್ರವರಿ. ಎಷ್ಟೋ ವರ್ಷಗಳ ಮೇಲೆ ನೆಗೆಟಿವನ್ನು ದೊಡ್ಡದಾಗಿ ಪ್ರಿಂಟ್ ಮಾಡುವ ಎನ್‌ಲಾರ್ಜರಿನ ಧೂಳು ಒರೆಸಿ ಇಬ್ಬರೂ ಬಚ್ಚಲುಮನೆಗೆ ಹೋದೆವು. ಚಿತ್ರ ಕೈಗೆ ಕೊಟ್ಟಾಗ ಅವರು ತಾಯಿಯ ಮುಖವನ್ನು ನೋಡಿ, ಆಮೇಲೆ ಹಿಂದೆ ಕಾಣುವ ಕಲ್ಲಿನ ಮೆಟ್ಟಿಲುಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿದರು. ನಿಮ್ಮ ತಂದೆಯವರ ನೆಗೆಟಿವುಗಳು ಎಲ್ಲಾದರೂ ಇದ್ದರೆ ಆಲ್ಬಮ್ಮಿಗಿಂತ ಮೊದಲು ಅವುಗಳನ್ನು ಹುಡುಕಿ.

ಇನ್ನು ಕ್ಯಾಮೆರಾ. ಚರ್ಮದ ಚೀಲದಿಂದ ಈಗಲೇ ಹೊರಗೆ ತೆಗೆಯಿರಿ. ಕೊಡಗಿನ ತೇವವನ್ನು ಚರ್ಮ ಹಿಡಿದಿಟ್ಟುಕೊಳ್ಳುತ್ತದೆ, ಲೆನ್ಸಿಗೆ ಬೂಷ್ಟು ಹತ್ತುತ್ತದೆ. ನನ್ನದು 15 ವ್ಯಾಟಿನ ಬಲ್ಬು ಉರಿಯುವ ಕಪಾಟಿನಲ್ಲಿರುತ್ತದೆ. ವಿದ್ಯುತ್ ಇಲ್ಲದ ದಿನಗಳಲ್ಲಿ ಬಟ್ಟೆಯಲ್ಲಿ ಕಟ್ಟಿದ ಹುರಿದ ಅಕ್ಕಿಯ ಜೊತೆ ಡಬ್ಬಿಯಲ್ಲಿರುತ್ತದೆ. ಈ ಕ್ಯಾಮೆರಾಕ್ಕೆ ಬೇಕಾದ 5.6 ವೋಲ್ಟಿನ ಪಾದರಸದ ಬ್ಯಾಟರಿ ಈಗ ಬರುವುದಿಲ್ಲ. ಅಡಾಪ್ಟರ್ ಹಾಕಿ 6 ವೋಲ್ಟಿನದನ್ನು ಬಳಸಬಹುದು. ಬ್ಯಾಟರಿ ಇಲ್ಲದಿದ್ದರೆ ಶಟರ್ ಸೆಕೆಂಡಿನ 500ನೇ ಒಂದು ಭಾಗದಲ್ಲಿ ಮಾತ್ರ ಓಡುತ್ತದೆ. ಮುಂದೆ ಹೊಸ ಫಿಲ್ಮ್ ಹಾಕಿದಾಗ, ಹೂಮಳೆಯ ನಂತರ ಕಾಫಿ ತೋಟ ಬೆಳ್ಳಗೆ ಅರಳಿರುವಾಗ, 400ರ ಫಿಲ್ಮಿಗೆ ಫಿಲ್ಮಿನ ವೇಗ ತೋರಿಸುವ ಗುಂಡಿಯನ್ನು 200ಕ್ಕೆ ಇಡಿ. ಇಲ್ಲದಿದ್ದರೆ ಆ ಬಿಳುಪನ್ನು ಕಂಡು ಕ್ಯಾಮೆರಾ ಮೋಸಹೋಗಿ ಹೂವನ್ನು ಬೂದಿ ಬಣ್ಣಕ್ಕೆ ಇಳಿಸುತ್ತದೆ.

ಮೊಮ್ಮಗಳ ಜೊತೆ ಈಗ ನಾನು ಕಾಫಿಯಲ್ಲೇ ಫಿಲ್ಮ್ ತೊಳೆಯುತ್ತೇನೆ. ಅಮೆರಿಕದ ರಾಚೆಸ್ಟರಿನ ತಂತ್ರಜ್ಞಾನ ಸಂಸ್ಥೆಯ ತರಗತಿಯೊಂದು 1995ರಲ್ಲಿ ಕಂಡುಕೊಂಡ ವಿಧಾನ. ಲೀಟರ್ ನೀರಿಗೆ ತೇವವಿಲ್ಲದ ವಾಷಿಂಗ್ ಸೋಡಾ 54 ಗ್ರಾಂ, ವಿಟಮಿನ್ ಸಿ 16, ಇನ್‌ಸ್ಟಂಟ್ ಕಾಫಿ 40, 20 ಡಿಗ್ರಿಯಲ್ಲಿ 15 ನಿಮಿಷ. ಕೆಲಸ ಮಾಡುವುದು ಕೆಫೀನ್ ಅಲ್ಲ, ಕೆಫಿಕ್ ಆಮ್ಲ. ತೋಟದ ನಾಡಿನವರಿಗೆ ಇದು ಎಂಥ ಸಂತೋಷ ಎಂದು ನಿಮಗೆ ಗೊತ್ತಾಗುತ್ತದೆ. ಆದರೆ ನಿಮ್ಮ ತಂದೆಯವರ ರೀಲಿನ ಮೇಲೆ ಇಂಥ ಪ್ರಯೋಗ ಬೇಡ. ಅದನ್ನು ಹಳೆಯ ಫಿಲ್ಮ್ ತೊಳೆದು ಅಭ್ಯಾಸವಿರುವ ಲ್ಯಾಬಿಗೆ, ಎಷ್ಟು ಹಳೆಯದೆಂದು ಹೇಳಿಯೇ ಕೊಡಿ. ಕಪ್ಪು-ಬಿಳುಪಿನದಾದರೆ ಚಿತ್ರ ಉಳಿದಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ಕ್ಯಾಸೆಟ್ಟಿನ ಮೇಲೆ ಸಿ-41 ಎಂದು ತೊಳೆಯುವ ವಿಧಾನದ ಹೆಸರಿದ್ದರೆ ಸಾಮಾನ್ಯವಾಗಿ ಬಣ್ಣದ್ದು. ಬಣ್ಣ ಮಾಸಿದ್ದರೂ ಅದನ್ನು ಕಪ್ಪು-ಬಿಳುಪಾಗಿ ತೊಳೆದು ರೂಪವನ್ನಾದರೂ ಉಳಿಸಿಕೊಳ್ಳಬಹುದು.

ರೀಲು 36 ಚಿತ್ರಗಳದ್ದಾದರೆ ಉಳಿದ 13 ಚಿತ್ರಗಳನ್ನು ಮಗಳದೇ ತೆಗೆದು ಮುಗಿಸಬಹುದೇ ಎಂಬ ಆಸೆ ನಿಮಗೆ ಬಂದಿರಬಹುದು. ನನಗೂ ಒಮ್ಮೆ ಬಂದಿತ್ತು. ಹಲವು ವರ್ಷ ಮರೆತಿದ್ದ ರೀಲನ್ನು ಮುಂದಕ್ಕೆ ಎಳೆದಾಗ ಒಣಗಿದ ಫಿಲ್ಮಿನ ಅಂಚಿನ ತೂತುಗಳು ಹರಿದವು. ಅದರಲ್ಲಿದ್ದ ಅಮ್ಮನ ಎರಡು ಚಿತ್ರಗಳು ಹೋದವು. ಎಳೆಯಬೇಡಿ.

ತಳದಲ್ಲಿರುವ ಸಣ್ಣ ಗುಂಡಿ ಒತ್ತಿ, ಸುರುಳಿಯ ಹಿಡಿಯನ್ನು ತೀರ ನಿಧಾನವಾಗಿ ತಿರುಗಿಸಿ. ಬಿಗಿ ಒಮ್ಮೆಲೇ ಸಡಿಲವಾಗುತ್ತದೆ. ಆಮೇಲೂ ಹತ್ತು ಸುತ್ತು ಹಾಕಿ. ಒಳಗೆ ಹರಿದಿದ್ದರೆ ಬೆಳಕು ತಾಗಬಾರದು, ಆದ್ದರಿಂದ ಬಾಗಿಲನ್ನು ರಾತ್ರಿ, ದೀಪ ಆರಿಸಿ, ದಪ್ಪ ಕಂಬಳಿಯೊಳಗೆ ತೆರೆಯಿರಿ. ಬೆಳಕು ತೂರದ ಡಬ್ಬಿಯನ್ನು ಹಿಡಿದುಕೊಳ್ಳಲು ಒಬ್ಬರು ಬೇಕಾಗುತ್ತದೆ, ಮನೆಯವರನ್ನು ಕರೆಯಿರಿ.