ಅಜ್ಜಿ ಕಾಲದ ಬೆಳ್ಳಿ ಸಾಮಾನು ಕಪ್ಪಾಗಿದೆ, ಅಲ್ಯೂಮಿನಿಯಂ ಫಾಯಿಲ್ ಮತ್ತು ಅಡುಗೆ ಸೋಡಾ ಹಾಕಿದ ಬಿಸಿನೀರಲ್ಲಿ ಮುಳುಗಿಸಬಹುದೇ?

ನಕಾಸಿ ಕೆಲಸದ ಆರತಿ ತಟ್ಟೆ, ಕುಂಕುಮ ಭರಣಿ, ಜೋಡಿ ದೀಪ ಅಂತ ಬರೆದಿದ್ದೀರಿ. ಈ ಮೂರಕ್ಕೂ ಒಂದೇ ಮದ್ದು ನಡೆಯುವುದಿಲ್ಲ. ಫಾಯಿಲ್ ವಿಧಾನ ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೂ ಇವುಗಳಲ್ಲಿ ಒಂದನ್ನೂ ಅದರಲ್ಲಿ ಮುಳುಗಿಸಬೇಡಿ.

ಬೆಳ್ಳಿಯ ಕಪ್ಪು ಅಂದರೆ ಗಾಳಿಯಲ್ಲಿರುವ ಗಂಧಕದ ಅಂಶ ಸೇರಿ ಆದ ಸಿಲ್ವರ್ ಸಲ್ಫೈಡ್. ಸೋಡಾ ನೀರಲ್ಲಿ ಅಲ್ಯೂಮಿನಿಯಂ ತಾಗಿದಾಗ ಅದು ಮತ್ತೆ ಬೆಳ್ಳಿಯಾಗುತ್ತದೆ. ಆಗ ಬರುವ ಕೊಳೆತ ಮೊಟ್ಟೆಯ ವಾಸನೆ ಬಿಟ್ಟುಹೋಗುವ ಆ ಗಂಧಕದ್ದೇ. ತೊಂದರೆ ಏನೆಂದರೆ, ಈ ವಿಧಾನಕ್ಕೆ ಉಬ್ಬು ತಗ್ಗು ಗೊತ್ತಾಗುವುದಿಲ್ಲ. ಹೂಬಳ್ಳಿಯ ಸಂದಿನಲ್ಲಿ ಕೂತ ಹಳೆಯ ಕಪ್ಪೇ ಆ ಕೆತ್ತನೆಗೆ ಆಳ ಕೊಡುವುದು. ಅದೂ ಹೋದರೆ ತಟ್ಟೆ ಸುಣ್ಣ ಬಳಿದ ಹಾಗೆ ಬೆಳ್ಳಗೆ, ಸಪ್ಪೆಯಾಗಿ ಕಾಣುತ್ತದೆ. ಏನೂ ಕೆತ್ತನೆಯಿಲ್ಲದ ಲೋಟ, ಚಮಚಕ್ಕಾದರೆ ಸರಿ: ಒಂದು ಲೀಟರ್ ಬಿಸಿನೀರು, ಒಂದು ದೊಡ್ಡ ಚಮಚ ಸೋಡಾ, ಎರಡು ಮೂರು ನಿಮಿಷ. ಉಪ್ಪು ಹಾಕಬೇಡಿ, ಅದರ ಕ್ಲೋರೈಡ್ ಬೆಳ್ಳಿಯನ್ನು ತಿನ್ನುತ್ತದೆ.

ದೀಪಕ್ಕೆ ಇನ್ನೊಂದು ಕಾರಣವಿದೆ. ಹಳೆಯ ದೀಪದ ಬುಡದೊಳಗೆ ಎಷ್ಟೋ ಸಲ ಅರಗು ತುಂಬಿರುತ್ತಾರೆ. ಬೆರಳಿನಿಂದ ತಟ್ಟಿ ನೋಡಿ. ಟಣ್ ಅನ್ನದೆ ಮಂಕಾಗಿ ಸದ್ದು ಬಂದರೆ ಒಳಗೆ ಅರಗಿದೆ ಅಂತಲೇ ಇಟ್ಟುಕೊಳ್ಳಿ. ಬಿಸಿನೀರಿಗೆ ಅರಗು ಮೆತ್ತಗಾಗಿ ಜರುಗುತ್ತದೆ, ಬೆಸುಗೆಯ ಸಂದಿನಿಂದ ಒಳಗೆ ಹೋದ ನೀರು ಹೊರಗೆ ಬರುವುದೇ ಇಲ್ಲ. ಅಲ್ಲದೆ ದೀಪದ ಮೇಲಿನ ಕಪ್ಪಿನಲ್ಲಿ ಬಹುಪಾಲು ಮಸಿ ಮತ್ತು ಗಟ್ಟಿಯಾದ ಎಣ್ಣೆ ಜಿಡ್ಡು. ಅದಕ್ಕೆ ಫಾಯಿಲ್ ಏನೂ ಮಾಡುವುದಿಲ್ಲ. ಉಗುರುಬೆಚ್ಚಗಿನ ನೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಬಟ್ಟೆ ಅದ್ದಿ ಜಿಡ್ಡಿನ ಮೇಲೆ ಹತ್ತು ನಿಮಿಷ ಹಾಸಿಡಿ. ಬತ್ತಿಯ ಜಾಗವನ್ನು ಬಿದಿರು ಕಡ್ಡಿಯಿಂದ ಬಿಡಿಸಿ. ಚಾಕು, ಪಿನ್ನು ಬೇಡ.

ಭರಣಿಯನ್ನು ಒದ್ದೆ ಮಾಡುವ ಮೊದಲು ಒಣ ಬ್ರಶ್ಶಿನಿಂದ ಕುಂಕುಮ ಪೂರ್ತಿ ಉದುರಿಸಿ. ನೀರು ತಾಗಿದರೆ ಬಣ್ಣ ಬಿಟ್ಟು ಕೆತ್ತನೆಯೊಳಗೆಲ್ಲ ಇಳಿಯುತ್ತದೆ.

ಇನ್ನು ಪಾಲಿಶ್. ಮನೆಯಲ್ಲಿ ಮಾಡುವುದಾದರೆ ನಾನು ಹೇಳುವುದು ನುಣ್ಣನೆಯ ಚಾಕ್ ಪುಡಿ, ಅಂದರೆ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್, ಬೋರ್ಡಿನ ಮೇಲೆ ಬರೆಯುವ ಚಾಕ್ ಅಲ್ಲ. ಎರಡು ಚಮಚ ಪುಡಿಗೆ ಫಿಲ್ಟರ್ ನೀರು ಹಾಕಿ ಗಟ್ಟಿ ಮೊಸರಿನ ಹದಕ್ಕೆ ಕಲಸಿ. ಹತ್ತಿಯಲ್ಲಿ ತೆಗೆದುಕೊಂಡು ಉಬ್ಬಿದ ಭಾಗದ ಮೇಲಷ್ಟೇ, ಒಂದೇ ದಿಕ್ಕಿಗೆ, ಒತ್ತದೆ ಉಜ್ಜಿ. ಹತ್ತಿ ಕಪ್ಪಾದ ಕೂಡಲೇ ಬದಲಿಸಿ. ಅದರಲ್ಲೇ ಮುಂದುವರಿಸಿದರೆ ತೆಗೆದ ಕೊಳೆಯಿಂದಲೇ ಗೀರು ಬೀಳುತ್ತದೆ. ಆಮೇಲೆ ಫಿಲ್ಟರ್ ನೀರಲ್ಲಿ ತೊಳೆದು ಹಳೆಯ ಪಂಚೆಯಿಂದ ಒರೆಸಿ. ಅರಗಿನ ದೀಪವನ್ನು ಮಾತ್ರ ತೊಳೆಯದೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬೋರ್‌ವೆಲ್ ನೀರಾದರೆ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಸಂದಿನಲ್ಲಿ ಪುಡಿ ಉಳಿದರೂ ಹಾಗೇ.

ಟೂತ್‌ಪೇಸ್ಟ್‌ನಲ್ಲಿ, ಬೂದಿಯಲ್ಲಿ ಸಾಮಾನ್ಯವಾಗಿ ಸಿಲಿಕಾ, ಅಂದರೆ ಮರಳಿನ ಅಂಶ ಇರುತ್ತದೆ, ಅದು ಬೆಳ್ಳಿಗಿಂತ ಎಷ್ಟೋ ಗಡುಸು, ಅದಕ್ಕೇ ಅವು ಬೇಡ. ಹುಣಸೆಹಣ್ಣು ಹಿತ್ತಾಳೆಗೆ ಚೆನ್ನ. ಬೆಳ್ಳಿಯಲ್ಲಿ ಬೆರೆಸಿದ ತಾಮ್ರವನ್ನೂ ಅದರ ಹುಳಿ ಬಿಡುವುದಿಲ್ಲ. ತಟ್ಟೆಯ ಹಿಂದೆ ಕೊಟ್ಟವರ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೊರೆದಿದ್ದರೆ ಅಲ್ಲಿಗೆ ಕೈಯನ್ನೇ ಹಚ್ಚಬೇಡಿ. ಪ್ರತಿ ಸಲ ಉಜ್ಜಿದಾಗಲೂ ಒಂದು ಪದರ ಬೆಳ್ಳಿ ಹೋಗುತ್ತದೆ, ಮೊದಲು ಅಳಿಸುವುದು ಆ ಅಕ್ಷರಗಳೇ. ಒಂದು ಅಂಚಿನಲ್ಲಿ ಕೆಂಪು ಅಥವಾ ಹಳದಿ ಲೋಹ ಇಣುಕಿದರೆ ಅಲ್ಲಿಗೇ ನಿಲ್ಲಿಸಿ, ಅದು ಬೆಳ್ಳಿ ಲೇಪದ ಸಾಮಾನು.

ಹಬ್ಬಕ್ಕೊಮ್ಮೆ ಉಜ್ಜುವುದಕ್ಕಿಂತ ಎತ್ತಿಡುವುದನ್ನು ಸರಿಮಾಡಿದರೆ ಕೆಲಸ ಅರ್ಧ ಕಡಿಮೆ. ಪೂರ್ತಿ ಒಣಗಿಸಿ, ಒಗೆದ ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ಜಿಪ್ ಇರುವ ಪಾಲಿಥೀನ್ ಚೀಲಕ್ಕೆ ಹಾಕಿ, ಜೊತೆಗೆ ತೇವ ಹೀರುವ ಒಂದು ಸಿಲಿಕಾ ಜೆಲ್ ಪೊಟ್ಟಣ. ನ್ಯೂಸ್‌ಪೇಪರ್, ಉಣ್ಣೆ ಬಟ್ಟೆ ಬೇಡ. ಚೀಲದ ಬಾಯಿಗೆ ರಬ್ಬರ್ ಬ್ಯಾಂಡ್ ಅಂತೂ ಹಾಕಲೇಬೇಡಿ. ರಬ್ಬರಿನಲ್ಲಿ ಗಂಧಕವಿದೆ, ಪ್ಲಾಸ್ಟಿಕ್ಕಿನ ಹೊರಗಿದ್ದರೂ ಒಳಗಿನ ತಟ್ಟೆಯ ಮೇಲೆ ಅದರದ್ದೇ ಅಗಲಕ್ಕೆ ಕಪ್ಪು ಪಟ್ಟಿ ಮೂಡಿಸುತ್ತದೆ.